ಅಮ್ಮನಿಗೆ ಕೊಟ್ಟ ಫೋನು

ಅಕ್ಟೋಬರ್ 7, ಸಂಜೆ

ಕದ್ದು ಕೇಳುವವರಿಗೆ ಮಾತು ಕೇಳಿಸದಿರಲೆಂದು, ಎಂದಿನಂತೆ ಫೋನುಗಳು ಫ್ರಿಜ್ಜಿನೊಳಗೆ, ಆಲಿವ್ ಡಬ್ಬಿ ಪಕ್ಕ. ಆಮೇಲೇ ಮಾತು. ನಮ್ಮಂಥ ಪತ್ರಿಕೆಯವರಿಗೆಲ್ಲ ಈಗ ಇದೇ ಅಭ್ಯಾಸ. ನನ್ನ ಫೋನಿನಲ್ಲಿ ಬೇಹುಗಾರಿಕೆಯ ತಂತ್ರಾಂಶ ಇದೆಯೇ ಎಂದು ಪರೀಕ್ಷಿಸಿದ್ದ ಗೆಳೆಯ ನಬೀಲ್ ಮೆಲ್ಲಗೆ ಹೇಳಿದ:

"ಅಕ್ಕಾ, ಒಳಗೆ ಒಬ್ಬ ಕೂತಿದಾನೆ. ಹೋದಲ್ಲೆಲ್ಲ ಜೊತೆಗೇ ಬರ್ತಿದಾನೆ."

ಬಂದರಿನ ಲಂಚದ ಕಾಗದ ತಂದುಕೊಟ್ಟ ಗುಮಾಸ್ತ ಮುನೀರ್ ಅಡಗಿರುವುದು ನದಿಯಾಚೆಯ ಊರು ಸಲೆಯಲ್ಲಿ, ನನ್ನ ಚಿಕ್ಕಮ್ಮನ ಮನೆಯ ಮಹಡಿಯಲ್ಲಿ. ಸಿಕ್ಕರೆ ಅವನ ಕಥೆ ಮುಗಿಯಿತು. ಪುಣ್ಯಕ್ಕೆ ಅಲ್ಲಿಗೆ ಎಂದೂ ಫೋನ್ ಒಯ್ದಿಲ್ಲ.

ಅಕ್ಟೋಬರ್ 9

ಹೊಸ ಫೋನ್, ಹೊಸ ನಂಬರ್. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಅಂಗಡಿಯವನು ಪೂರ್ತಿ ಅಳಿಸಿದ. ಅಮ್ಮನದು ಕೆಟ್ಟಿತ್ತು, ಅವಳ ಸಿಮ್ ಹಾಕಿ ಕೊಟ್ಟೆ. ನಮ್ಮಲ್ಲಿ ಹಳೆ ಫೋನು ಕೊನೆಗೆ ಸೇರುವುದು ಅಮ್ಮಂದಿರನ್ನೇ.

"ಇದರಲ್ಲಿ ನಿಮ್ಮಪ್ಪನ ದನಿ ಇತ್ತಲ್ಲೇ?"

"ಅಳಿಸಿಹೋಯ್ತಮ್ಮ."

"ನನ್ನ ಗಂಡನ ದನಿ ಅಳಿಸೋಕೆ ನೀನ್ಯಾರೇ?"

ಅಳಿಸುವ ಮುಂಚೆ ಅಂಗಡಿಯವನು ಇದ್ದದ್ದೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಿದ್ದನಂತೆ. ಅಷ್ಟನ್ನೂ ಮತ್ತೆ ತುಂಬಿಸಿಕೊಟ್ಟ. ಆಸ್ಪತ್ರೆಯಿಂದ ಅಪ್ಪ ಕೊನೆಯದಾಗಿ ಕಳಿಸಿದ್ದ ಮಾತು ಕೇಳುತ್ತ ಅಮ್ಮ ಅತ್ತಳು. ನನಗೂ ಸಮಾಧಾನ.

ಅಕ್ಟೋಬರ್ 17, ಶುಕ್ರವಾರ, ಮಧ್ಯಾಹ್ನ

ನಬೀಲ್ ಕುಸ್ಕುಸ್ ಊಟಕ್ಕೆ ಬಂದ. ಹಳೆ ಫೋನ್ ಏನಾಯಿತೆಂದು ಕೇಳಿದ. ಹೇಳಿದೆ. ಚಮಚ ಕೆಳಗಿಟ್ಟ.

"ಎಲ್ಲಾನೂ ವಾಪಸ್ ತುಂಬಿಸಿದ್ರಾ? ಹಾಗಾದ್ರೆ ಒಳಗೆ ಕೂತಿದ್ನಲ್ಲ, ಅವನನ್ನೂ ತುಂಬಿಸಿದೀರಿ, ಅಕ್ಕಾ."

ಅಷ್ಟರಲ್ಲಿ ಅಮ್ಮ ಒಳಗೆ ಬಂದಳು, ಕೈಯಲ್ಲಿ ಖಾಲಿ ಬಟ್ಟಲು.

"ಎಲ್ಲಿಗೆ ಹೋಗಿದ್ದೆ?"

"ಸಲೆಗೆ. ಆ ಬಡಪಾಯಿ ಅಲ್ಲಿ ಒಣರೊಟ್ಟಿ ಕಡೀತಿರೋವಾಗ ಶುಕ್ರವಾರದ ಊಟ ನನ್ನ ಗಂಟಲಲ್ಲಿ ಇಳಿಯುತ್ತಾ?"

"ಫೋನ್ ಎಲ್ಲಮ್ಮ?"

"ಅವನ ಹತ್ರಾನೇ ಬಿಟ್ಟುಬಂದೆ. ಮಕ್ಕಳ ದನಿ ಕೇಳಿ ಎಷ್ಟು ದಿನ ಆಯ್ತೋ ಏನೋ, ಪಾಪ. ನಿನ್ನ ಫೋನಲ್ಲ, ನನ್ನದು. ಈ ಮುದುಕಿಯ ಹಿಂದೆ ಯಾರು ಬೀಳ್ತಾರೆ ಬಿಡು."

ಅದೇ ದಿನ, ಸಂಜೆ

ನಬೀಲ್ ಬೈಕಿನಲ್ಲಿ ಸಲೆಗೆ ಹೋಗಿ ಎರಡು ಗಂಟೆ ಮೇಲಾಯಿತು. ಫೋನು ನದಿಗೆಸೆದು, ಮುನೀರನನ್ನು ಬೇರೆಡೆ ಸೇರಿಸುತ್ತೇನೆಂದಿದ್ದ. ಕರೆ ಮಾಡಬೇಡಿ, ಕದ್ದು ಕೇಳುವವರಿಗೂ ಕೇಳಿಸುತ್ತದೆ ಎಂದಿದ್ದ. ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಎದುರಿಗೇ ಕೂತು ಪುದೀನಾ ಸೋಸುತ್ತಿದ್ದಾಳೆ.

ನನ್ನ ಫೋನ್ ರಿಂಗಾಗುತ್ತಿದೆ. ಅಮ್ಮ ತಲೆಯೆತ್ತಿ, "ಎತ್ತೇ, ಯಾರು ನೋಡು" ಅನ್ನುತ್ತಿದ್ದಾಳೆ.

ಪರದೆಯ ಮೇಲೆ ಹೆಸರು— ಅಮ್ಮ