ದಾರಿಗಡ್ಡ ಕಂಬ

ಫೆಬ್ರವರಿ 12, ಬೆಳಿಗ್ಗೆ

ಇವತ್ತೂ ಸಿಮೆಂಟ್ ಚೀಲಗಳ ನಡುವೆ ಕೂತೇ ಕಾಫಿ. ಹಿತ್ತಿಲ ಹುಳಿಕಿತ್ತಳೆ ಮರ ಉಳಿಸಿಕೊಂಡು ಹೊಸ ಕೋಣೆಗೆ ಪಾಯ ತೆಗೆದಾಯಿತು. ಸ್ಟ್ರೋಕ್ ಆದಮೇಲೆ ಸ್ತಾಥಿಸ್‌ಗೆ ಮೆಟ್ಟಿಲು ಹತ್ತಲಾಗದು, ಕೆಳಗೇ ಮಲಗಬೇಕು. ಗಾಲಿಕುರ್ಚಿಯಲ್ಲಿ ಯಾರ ಹಂಗೂ ಇಲ್ಲದೆ ಹಿತ್ತಿಲಿಗೆ ಹೋಗಬೇಕು... ಗಂಡ ಕೇಳಿದ್ದು ಅಷ್ಟೇ. ಮಾಡಿಯೇ ಕೊಡುತ್ತೇನೆ. ಆದರೆ ಭೂಕಂಪದ ಈ ಲೆಫ್ಕಾದ ದ್ವೀಪದ ಮನೆ ಲೆಫ್ಕಾದದ ಮನೆಯಾಗಿಯೇ ಇರಬೇಕು. ಕೆಳಗೆ ಕಲ್ಲು, ಮೇಲೆ ಮರ, ಹೊರಗೆ ಹಸಿರು ತಗಡು.

ಫೆಬ್ರವರಿ 15

ಮೈದುನ ಜೋಯಿಸ್ ಬಂದಿದ್ದ. ಕಂಟ್ರಾಕ್ಟರ್. ಪ್ರವಾಸಿಗರಿಗೆ ವಿಲ್ಲಾ ಕಟ್ಟಿ ಕಟ್ಟಿ, ಹಳೆಯದು ಕಂಡರೆ ಕೈ ತುರಿಸುತ್ತದೆ. ಅಡುಗೆಮನೆ ಗೋಡೆ ಪಕ್ಕದ ಮರದ ಕಂಬ, ಗೋಡೆ ಒಡೆದು ಹಿತ್ತಿಲ ಕಡೆ ತೆಗೆಯಬೇಕಾದ ಹೊಸ ಬಾಗಿಲಿಗೆ ಸರಿಯಾಗಿ ಎದುರಿಗಿದೆ. ಕುರ್ಚಿ ತೂರುವುದಿಲ್ಲ.

“ಅತ್ತಿಗೆ, ಇದು ಏನನ್ನೂ ಹೊತ್ತಿಲ್ಲ. ನೋಡಿ.” ಕಂಬದ ತಲೆಗೂ ತೊಲೆಗೂ ನಡುವೆ ಬೆರಳು ತೂರಿಸಿದ. “ಅರ್ಧ ಗಂಟೇಲಿ ಕುಯ್ದು ಹಾಕ್ತೀನಿ.”

“ಕಲ್ಲುಗೋಡೆ ಬಿದ್ದ ದಿನ ಹೊರುತ್ತೆ. ಭೂಕಂಪ ಆದಾಗ ನಿಮ್ಮಮ್ಮ ಮೇಲ್ಗಡೆ ನಿಮ್ಮಣ್ಣನ್ನ ಎತ್ಕೊಂಡು ಕೂತಿದ್ರಲ್ಲ? ಗೋಡೆ ರಸ್ತೆಗೆ ಬಿತ್ತು. ಮೇಲಿನ ಮನೇನ ಈ ಕಂಬ ಹೊತ್ಕೊಂಡ್ತು, ಅವರು ಬೀಳಲಿಲ್ಲ.”

“ಈಗ ಉಕ್ಕಿನ ತೊಲೆ ಸಿಗುತ್ತೆ ಅತ್ತಿಗೆ.”

“ನಿನ್ನ ವಿಲ್ಲಾಗೆ ಹಾಕ್ಕೋ ಹೋಗು.”

ಫೆಬ್ರವರಿ 16

ಮಧ್ಯಾಹ್ನ ಮಸೂರದ ಸಾರು. ಬಲಗೈ ಆಡದು, ಸ್ತಾಥಿಸ್ ಎಡಗೈಯಲ್ಲಿ ಚಮಚ ಹಿಡಿದು ಕೂತಿದ್ದ. ಮಾತು ತೊದಲುತ್ತದೆ, ಸಿಟ್ಟು ತೊದಲುವುದಿಲ್ಲ.

“ನಿಂಗೆ ನಾನು ಮುಖ್ಯಾನೋ... ಕಂಬಾನೋ?”

“ಎರಡೂ.”

“ಕೋಟು ನೇತುಹಾಕೋ ಕೋಲು ಅದು, ಥಿಯೋನಿ. ಅದಕ್ಕೋಸ್ಕರ ನಾನು ಒಳಗೇ ಕೊಳೀಬೇಕಾ?”

ತುಂಬಾ ನೋವಾಯಿತು. ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದೆ.

ಫೆಬ್ರವರಿ 17

ಕಂಬ ಸರಿಯದಿದ್ದರೆ ಬಾಗಿಲು ಸರಿಯಲಿ. ಒಲೆಯ ಕಡೆಗೆ. ಅಲ್ಲಿ ಅತ್ತೆಯ ಕಾಲದ ಗೋಡೆ ಕಪಾಟಿದೆ, ನನಗೆ ಪ್ರಾಣ. ಹೋಗಲಿ. ಮನೆ ಉಳಿಯಬೇಕು, ಅವನೂ ಹೊರಗೆ ಹೋಗಬೇಕು.

“ಇಂಥ ಹಠಮಾರೀನ ನಾನೆಲ್ಲೂ ನೋಡಿಲ್ಲ” ಅಂದ ಜೋಯಿಸ್. ಆದರೂ ನಾನು ಗೆರೆ ಎಳೆದ ಕಡೆಯೇ ಗೋಡೆ ಒಡೆಸಿದ.

ಮಾರ್ಚ್ 20

ಕಂಬ ಅಲುಗಾಡದ ಹಾಗೆ ಅದರ ಮೇಲಿನ ಸಂದಿಗೆ ಆಲಿವ್ ಮರದ ಬೆಣೆ. ಏಣಿ ಹತ್ತಿ ನಾನೇ ಹೊಡೆದೆ. ಕೆಳಗಿನಿಂದ ಸ್ತಾಥಿಸ್ — “ಬಿದ್ದು ಇನ್ನೊಂದು ಕುರ್ಚಿ ತರಿಸ್ಬೇಡ!” ಎಷ್ಟೋ ದಿನದ ಮೇಲೆ ತಮಾಷೆ ಮಾಡಿದ.

ಏಪ್ರಿಲ್ 9

ಕುರ್ಚಿ ಬಾಗಿಲು ದಾಟಿತು. ಒಬ್ಬನೇ ಹೋದ. ಮೈಮೇಲೆ ಕಿತ್ತಳೆ ಹೂವು ಉದುರುತ್ತಿದ್ದರೂ ಕೂತೇ ಇದ್ದ. ಕಪಾಟಿದ್ದ ಜಾಗದಲ್ಲಿ ನಿಂತು ನೋಡಿದೆ, ಕಣ್ಣು ತುಂಬಿತು. ವಾಪಸು ಬರುವಾಗ ಕಂಬಕ್ಕೊಂದು ಏಟು ಕೊಟ್ಟ. “ದಾರಿಗಡ್ಡ ನಿಂತ್ಕೊಂಡಿದಾನೆ, ಗೂಬೆ!”

ಏಪ್ರಿಲ್ 28

ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಇವತ್ತೂ ಅವನನ್ನು ಎದ್ದು ನಿಲ್ಲಿಸಲು ನೋಡಿದಳು. ವಾಕರ್ ತಳ್ಳಿಬಿಟ್ಟ. ತನ್ನ ಕಾಲು ಸತ್ತಿದೆಯಂತೆ. ನನಗೂ ಸಿಟ್ಟು ಬಂತು, ಅವನಿಗೆ ಬೈದೆ.

ಮೇ 19, ಸಂಜೆ

ಅವನ ಕೋಟು ಕಂಬದ ಮೇಲಿನ ಗೂಟದಲ್ಲಿದೆ. ಕುರ್ಚಿಯಲ್ಲಿ ಕೂತವನಿಗೆ ಎಟುಕುವುದಿಲ್ಲ. ನಾನು ಹಾಕಿಲ್ಲ. ಮನೆಗೆ ಬೇರೆ ಯಾರೂ ಬಂದಿಲ್ಲ. ಕೇಳಿದರೆ ಕಳ್ಳನ ಹಾಗೆ ಕಿಟಕಿ ನೋಡಿದ. ಕಂಬದಲ್ಲಿ ಎದೆ ಎತ್ತರಕ್ಕೆ ಬೆರಳಿನ ಜಿಡ್ಡು, ಒಂದೇ ಕೈಯದು, ಎಡಗೈ... ಎಷ್ಟು ದಿನದಿಂದ ಇದನ್ನು ಹಿಡಿದು ಎದ್ದು ನಿಲ್ಲುತ್ತಿದ್ದಾನೆ? ನಾನು ಸಂತೆಗೆ ಹೋದಾಗಲೆಲ್ಲ?

ಅಡುಗೆಮನೆಯಿಂದ ಕರೆಯುತ್ತಿದ್ದಾನೆ.

“ಥಿಯೋನಿ! ಬೇಗ ಬಾ, ಕೈ ಸೋಲ್ತಿದೆ!”

ದನಿ ಕುರ್ಚಿಯ ಎತ್ತರದಿಂದ ಬರುತ್ತಿಲ್ಲ —