ಬಾರದ ವಿಮಾನಕ್ಕೆ ದಿನವಿಡೀ ಕಾಯಿಸಿದ್ದೇಕೆ?

ವಿಮಾನ ಕಂಪನಿಗಳಿಗೆ ಮಾರ್ಗ ಹಂಚುವ ಮಾನ್ಯ ಅಧಿಕಾರಿಗಳೇ,

ಬೆಳಿಗ್ಗೆಯೇ ಬೇರೆ ದೇಶಕ್ಕೆ ಹಾರಿಹೋಗಿದ್ದ ವಿಮಾನವೊಂದು ಇನ್ನೇನು ಬರುತ್ತದೆ ಎಂದು ಪಾದೋ ಏರ್ ಕಂಪನಿಯವರು ನನ್ನನ್ನು ಜೇಜು ದ್ವೀಪದ ವಿಮಾನ ನಿಲ್ದಾಣದಲ್ಲಿ ಸಂಜೆಯವರೆಗೆ ಕೂರಿಸಿದರು. ದೂರು ಕೊಟ್ಟೆ. 'ಕಾರ್ಯಾಚರಣೆಯ ಅನಿವಾರ್ಯತೆ, ನಿಯಮದ ಉಲ್ಲಂಘನೆ ಕಂಡುಬಂದಿಲ್ಲ' ಎಂದು ತಮ್ಮ ಕಚೇರಿಯಿಂದ ಉತ್ತರ ಬಂತು. ಉಲ್ಲಂಘನೆ ನನ್ನ ಕಣ್ಣಿಗೆ ಹೇಗೆ ಕಂಡಿತೆಂಬುದನ್ನು ಊರಿಗೆಲ್ಲ ಕೇಳಿಸುವಂತೆ ಹೇಳುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ.

ನಾನು ಎವೊಲ್‌ನಲ್ಲಿ ಬಾರ್ಲಿ ಬ್ರೆಡ್ ಅಂಗಡಿ ನಡೆಸುವವಳು. ನನ್ನ ತಮ್ಮ ಸಾಂಗ್‌ಬೆ ಕಡಲಾಚೆ ಗ್ವಾಂಗ್ಜುವಿನಲ್ಲಿ ಸಿಟಿ ಬಸ್ ಓಡಿಸುತ್ತಿದ್ದ. ಪಾದೋ ಏರ್ ಶುರುವಾದಾಗ ಅವರ ಬಳಿ ಇದ್ದದ್ದು ಎರಡೇ ವಿಮಾನ, ಎರಡೂ ನಮ್ಮ ದ್ವೀಪಕ್ಕೂ ಆಚೆಯ ದಡಕ್ಕೂ ಓಡಾಡುತ್ತಿದ್ದವು. ಆ ಕಂಪನಿಯನ್ನು ನಾವು ನಿಜವಾಗಿಯೂ ಪ್ರೀತಿಸಿದೆವು, ಸುಳ್ಳು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದ ತಮ್ಮ, ಅಪ್ಪನ ತಿಥಿಗೆ, ಅಮ್ಮನ ತಿಥಿಗೆ, ಕೊನೆಗೆ ಹಂದಿಮಾಂಸದ ನೂಡಲ್ಸ್ ತಿನ್ನಬೇಕೆನಿಸಿದಾಗಲೂ ಬರತೊಡಗಿದ. "ಅಕ್ಕ, ನನ್ನ ಬಸ್ಸಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಕಣೇ. ಇದರಲ್ಲಿ ನಿಂತ್ಕೊಂಡು ಹೋಗೋಕೆ ಬಿಡಲ್ಲ, ಅಷ್ಟೇ," ಅನ್ನುತ್ತಿದ್ದ.

ಆಮೇಲೆ ಕಂಪನಿ ಬೆಳೆಯಿತು. ಬೆಳೆಯಲಿ, ಯಾರಿಗೆ ಹೊಟ್ಟೆಯುರಿ? ಒಸಾಕಾ, ಬ್ಯಾಂಕಾಕ್, ದನಾಂಗ್ ಎಂದು ಹೊಸ ಊರುಗಳಿಗೆ ರೆಕ್ಕೆ ಚಾಚಿತು. ಪ್ರತಿ ಸಲವೂ ಹೊಸ ಮಾರ್ಗಕ್ಕೆ ಸಹಿ ಹಾಕಿದವರು ತಾವು. 'ನಮ್ಮ ವಿಮಾನಗಳು ನೆಲದ ಮೇಲೆ ವಿಶ್ರಮಿಸುವುದೇ ಇಲ್ಲ' ಎಂದು ಅವರು ಜಾಹೀರಾತು ಹಾಕಿದಾಗ ನಾವೂ ಹೆಮ್ಮೆಪಟ್ಟೆವು. ಅಂದರೆ ಅವರ ಬಳಿ ಬಿಡುವಾಗಿರುವ ವಿಮಾನ ಒಂದೂ ಇಲ್ಲ, ಎಲ್ಲೋ ಒಂದು ಕೆಟ್ಟು ನಿಂತರೆ ಇನ್ನೆಲ್ಲಿಂದಲೋ ಒಂದನ್ನು ಕಿತ್ತು ಕಳಿಸುತ್ತಾರೆ ಎಂದು ಆಗ ನಮಗೆ ಹೊಳೆಯಲಿಲ್ಲ. ಮಾರ್ಗ ಕೊಟ್ಟ ತಮಗೂ ಹೊಳೆಯಲಿಲ್ಲವೇ?

ಕಳೆದ ವರ್ಷ ಸಾಂಗ್‌ಬೆಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ರಕ್ತ ಹುಟ್ಟಿಸುವ ನನ್ನ ಜೀವಕೋಶ ಅವನಿಗೆ ಹೊಂದುತ್ತದೆ ಎಂದರು ವೈದ್ಯರು. ಮೊದಲು ಅವನ ಮೂಳೆಯೊಳಗಿನ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಸುಟ್ಟುಹಾಕಬೇಕು, ಆಮೇಲೆ ನನ್ನ ಜೀವಕೋಶ ಏರಿಸಬೇಕು. ನಡುವಿನ ದಿನಗಳಲ್ಲಿ ಅವನ ಮೈಗೆ ಒಂದು ನೆಗಡಿಯನ್ನು ತಡೆಯುವ ಶಕ್ತಿಯೂ ಇರುವುದಿಲ್ಲ. ಆ ಜೀವಕೋಶ ರಕ್ತದಲ್ಲಿ ಹೆಚ್ಚಲೆಂದು ನನಗೆ ಇಲ್ಲಿನ ಆಸ್ಪತ್ರೆಯಲ್ಲೇ ಚುಚ್ಚುಮದ್ದು ಕೊಟ್ಟರು. "ಭಾನುವಾರ ಬಂದು ದಾಖಲಾಗಿ, ಸೋಮವಾರ ಬೆಳಿಗ್ಗೆ ತೆಗೆಯುತ್ತೇವೆ," ಎಂದು ಗ್ವಾಂಗ್ಜುವಿನ ಆಸ್ಪತ್ರೆಯವರು ತಿಳಿಸಿದರು. ಭಾನುವಾರದ ಮೊದಲ ವಿಮಾನಕ್ಕೇ ಟಿಕೆಟ್ ಕೊಂಡೆ. ಪಾದೋ ಏರ್‌ನದೇ.

ಅದು ಪೂರ್ವಜರ ಸಮಾಧಿಗಳ ಹುಲ್ಲು ಕೊಯ್ಯುವ ವಾರ. ದ್ವೀಪ ಬಿಟ್ಟು ಹೋದವರೆಲ್ಲ ಬಂದು, ಹುಲ್ಲು ಕೊಯ್ದು, ವಾಪಸ್ ಹೊರಡುವ ಭಾನುವಾರ. ಬೇರೆ ಕಂಪನಿಗಳಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ. ಫಲಕದ ಮೇಲೆ ನಮ್ಮ ವಿಮಾನದ ಮುಂದೆ 'ಒಂದು ಗಂಟೆ ತಡ' ಎಂದು ಬಂತು. ಗಂಟೆ ಕಳೆದ ಮೇಲೆ ಮತ್ತೆ ಒಂದು ಗಂಟೆ, ಅದು ಮುಗಿದ ಮೇಲೆ ಇನ್ನೊಂದು. ಚುಚ್ಚುಮದ್ದಿನಿಂದ ನನ್ನ ಸೊಂಟದ ಮೂಳೆ ಒಳಗಿನಿಂದ ಒಡೆಯುವಂತೆ ನೋಯುತ್ತಿತ್ತು. ಮಜ್ಜೆ ಸುಟ್ಟಾಗಿ ನನಗಾಗಿ ಕಾಯುತ್ತಿದ್ದ ತಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದ.

"ಅಕ್ಕ, ಎಲ್ಲಿದ್ದೀಯೆ?"

"ಏರ್‌ಪೋರ್ಟಲ್ಲಿ ಕಣೋ. ಇನ್ನೇನು ಬಂತಂತೆ."

"ಇನ್ನೂ ಅಲ್ಲೇನಾ? ಇಷ್ಟೊತ್ತಿಗೆ ನಾನೇ ಬಸ್ ತಗೊಂಡು ಬಂದು ಕರ್ಕೊಂಡು ಹೋಗ್ತಿದ್ದೆ."

"ಸಮುದ್ರದ ಮೇಲೆ ಓಡಿಸ್ತೀಯಾ ಬಸ್ಸು?"

"ಓಡಿಸ್ತೀನಿ. ಸ್ಟಾಪ್‌ಗೆ ಸ್ವಲ್ಪ ತಡವಾದ್ರೆ ಸಾಕು, ನಮ್ಮ ಅಜ್ಜಿಯಂದ್ರು ಕೊಡೆ ತಗೊಂಡು ಹೊಡೀತಾರೆ. ಈ ವಿಮಾನದೋರಿಗೆ ಯಾರೂ ಹೊಡೆಯೋರೇ ಇಲ್ವಲ್ಲ!" ನಕ್ಕ. ಆಮೇಲೆ ದನಿ ತಗ್ಗಿಸಿ, "ಬಾರೇ ಬೇಗ," ಎಂದ. ಅವನು ಹಾಗೆ ಕೇಳಿದ್ದು ನಾನೆಂದೂ ಕಂಡಿರಲಿಲ್ಲ.

ಎದ್ದು ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿಯ ಸುತ್ತ ಜನ ಕಿರುಚಾಡುತ್ತಿದ್ದರು. ನಾನು ಆಸ್ಪತ್ರೆಯ ಕಾಗದ ತೋರಿಸಿ, "ಮಗಳೇ, ನನ್ನ ಹತ್ರ ಜಗಳ ಆಡೋಕೆ ಶಕ್ತಿ ಇಲ್ಲ. ಬರುತ್ತೋ ಇಲ್ವೋ, ಅದೊಂದು ಹೇಳು," ಎಂದೆ. ಓದಿದಳು. ಕಣ್ಣು ತುಂಬಿಕೊಂಡಿತು.

"ಅಮ್ಮಾ, ಬರಲ್ಲ. ದನಾಂಗ್‌ನಲ್ಲಿ ಒಂದು ಕೆಟ್ಟು ನಿಂತಿದೆ, ಅಲ್ಲಿ ಸಿಕ್ಕಿಹಾಕಿಕೊಂಡವರನ್ನು ಕರೆತರೋಕೆ ಬೆಳಿಗ್ಗೇನೇ ನಿಮ್ಮ ವಿಮಾನ ಕಳಿಸಿಬಿಟ್ರು. ನಮಗೆ ಹೇಳೋಕೆ ಅಪ್ಪಣೆ ಇಲ್ಲ. ರದ್ದು ಅಂದ್ರೆ ಎಲ್ಲರಿಗೂ ಬೇರೆ ವ್ಯವಸ್ಥೆ ಮಾಡಬೇಕಲ್ಲ, ಅದಕ್ಕೇ ತಡ ಅಂತ ಹಾಕಿ ಅಂದಿದ್ದಾರೆ."

"ನೀನು ಕಂಪನಿಯವಳಲ್ವಾ?"

"ಗುತ್ತಿಗೆಯವಳು. ಹೇಳಿದ್ದು ಗೊತ್ತಾದ್ರೆ ನಾಳೆ ಕೆಲಸ ಇರಲ್ಲ."

ಮಾನ್ಯರೇ, ನನ್ನ ದೂರೆಲ್ಲ ಇಲ್ಲಿದೆ. ವಿಮಾನ ಕೆಡುತ್ತದೆ, ಕೆಟ್ಟದ್ದನ್ನು ಹಾರಿಸದೆ ನಿಲ್ಲಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಆದರೆ ಬೆಳಿಗ್ಗೆಯೇ ನಿಜ ಹೇಳಿದ್ದರೆ ನಾನು ಆಚೆ ದಡದ ಮೊಕ್ಪೊಗೆ ಹೋಗುವ ಹಡಗು ಹತ್ತುತ್ತಿದ್ದೆ, ರಾತ್ರಿಯೊಳಗೆ ತಮ್ಮನ ಆಸ್ಪತ್ರೆಯಲ್ಲಿರುತ್ತಿದ್ದೆ. ಟ್ಯಾಕ್ಸಿ ಹಿಡಿದು ಬಂದರಿಗೆ ಓಡಿದಾಗ ದಿನದ ಕೊನೆಯ ಹಡಗು ತಡೆಗೋಡೆ ದಾಟಿ ಹೋಗುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಕುಳಿತು ದನಿಯೆತ್ತಿ ಅತ್ತೆ. ಐವತ್ತೆಂಟರ ಹೆಂಗಸು, ಮೀನು ಹಿಡಿಯುವವರೆಲ್ಲ ತಿರುಗಿ ನೋಡುವಂತೆ.

ಮರುದಿನಕ್ಕೆ ಬೇರೆ ಕಂಪನಿಯಲ್ಲಿ ಸೀಟು ಹುಡುಕಿ ಫೋನ್ ಮಾಡಿದವಳು ಅದೇ ಗುತ್ತಿಗೆಯ ಹುಡುಗಿ. ಅವಳ ಹೆಸರು ಕೇಳಬೇಡಿ, ಹೇಳುವುದಿಲ್ಲ. ನಾನು ತಲುಪುವ ಹೊತ್ತಿಗೆ ಸೋಮವಾರದ ಸರದಿ ತಪ್ಪಿತ್ತು, ಜೀವಕೋಶ ತೆಗೆದದ್ದು ಮಂಗಳವಾರ. ಅಷ್ಟರಲ್ಲಿ ತಮ್ಮನಿಗೆ ಜ್ವರ ಏರಿತ್ತು. ಸೋಂಕು ಕಣ್ಣಿಗಿಳಿಯಿತು. ಆ ಒಂದು ದಿನದಿಂದಲೇ ಹೀಗಾಯಿತೇ ಎಂದು ಕೇಳಿದೆ. "ಖಚಿತವಾಗಿ ಹೇಳಲಾರೆ, ಇಲ್ಲವೆಂದೂ ಹೇಳಲಾರೆ," ಎಂದರು ವೈದ್ಯರು. ಅವರ ಪ್ರಾಮಾಣಿಕತೆಯಲ್ಲಿ ಒಂದು ಚೂರು ಕಂಪನಿಗಿದ್ದಿದ್ದರೆ!

ಸಾಂಗ್‌ಬೆ ಬದುಕಿದ್ದಾನೆ. ನನ್ನ ರಕ್ತ ಅವನ ಮೈಯಲ್ಲಿ ಹಿಡಿದಿದೆ. ಎಡಗಣ್ಣು ಹೋಯಿತು, ಅದರೊಂದಿಗೆ ಬಸ್ಸೂ ಹೋಯಿತು. ಈಗ ಡಿಪೋಗೆ ಹೋಗಿ ಬೆಂಚಿನ ಮೇಲೆ ಕುಳಿತು, ಗೆಳೆಯರು ಬಸ್ ತೆಗೆಯುವುದನ್ನು ನೋಡಿ ಬರುತ್ತಾನಂತೆ. ಅವನ ಹೆಂಡತಿ ಹೇಳಿದಳು, ಅವನು ಹೇಳಲಿಲ್ಲ.

ಕಂಪನಿಯಿಂದ ಕ್ಷಮೆಯಾಚನೆ ಬಂದಿದೆ, ಜೊತೆಗೆ ರಿಯಾಯಿತಿ ಚೀಟಿ. ಎಲ್ಲಿಗೆ ಗೊತ್ತೇ? ದನಾಂಗ್‌ಗೆ. ಮತ್ತು ತಮ್ಮ ಕಚೇರಿ ನನ್ನ ದೂರನ್ನು ಮುಚ್ಚಿದ ವಾರವೇ ಅದೇ ಕಂಪನಿಗೆ ಇನ್ನೊಂದು ವಿದೇಶಿ ಮಾರ್ಗ ಕೊಟ್ಟಿದೆ. ಅಭಿನಂದನೆಗಳು. ಒಂದು ಸಣ್ಣ ಕುತೂಹಲ: ಆ ಹೊಸ ಊರಿಗೆ ಹಾರುವ ವಿಮಾನ ಯಾವುದು? ಅದು ಕೆಟ್ಟ ದಿನ ಯಾರ ವಿಮಾನ ಕಿತ್ತುಕೊಳ್ಳುತ್ತಾರೆ? ಸಹಿ ಹಾಕುವ ಮೊದಲು ತಮ್ಮಲ್ಲಿ ಯಾರಾದರೂ ಇದನ್ನು ಕೇಳಿದಿರಾ?

ಪರಿಹಾರ ಬೇಡ. ಕೇಳುವುದು ಎರಡೇ. ಹೊಸ ಮಾರ್ಗ ಬೇಕೆಂದು ಬರುವ ಕಂಪನಿ, ಕೆಟ್ಟದ್ದರ ಬದಲಿಗೆ ಹಾರಲು ಒಂದು ವಿಮಾನವನ್ನು ಬಿಡುವಾಗಿ ನಿಲ್ಲಿಸಿ ತೋರಿಸಲಿ. ಬರುವುದಿಲ್ಲವೆಂದು ಗೊತ್ತಾದ ಕ್ಷಣವೇ ಬರುವುದಿಲ್ಲ ಎಂದು ಹೇಳಲಿ, ಹೇಳದಿದ್ದರೆ ಆ ಮಾರ್ಗವನ್ನು ವಾಪಸ್ ಕಿತ್ತುಕೊಳ್ಳಿ. ದ್ವೀಪದವರಿಗೆ ಕಾಯುವುದು ಹೊಸದಲ್ಲ. ಗಾಳಿಗೆ ಕಾದಿದ್ದೇವೆ, ಮಂಜಿಗೆ ಕಾದಿದ್ದೇವೆ. ಗಾಳಿ ಯಾವತ್ತೂ ನಮಗೆ 'ಇನ್ನೊಂದೇ ಗಂಟೆ' ಎಂದು ಸುಳ್ಳು ಹೇಳಿಲ್ಲ.

ಇಂತಿ,
ತಮ್ಮನ ತಪಾಸಣೆಗೆಂದು ಮುಂದಿನ ವಾರ ಮತ್ತೆ ಪಾದೋ ಏರ್‌ನಲ್ಲೇ ಹೊರಟಿರುವ, ಬೇರೆ ಕಡೆ ಸೀಟು ಸಿಗದ,
ಬು ಚುನ್‌ಹಿ
ಎವೊಲ್, ಜೇಜು