ಹಿಂಡಿಯಲ್ಲಿ ಎರಡೂವರೆ ಕಮ್ಮಿ

೧೧ ಮಾರ್ಚ್ ೧೯೪೬, ಶಿರಾ

ಇನ್ನೊಂದು ಫ್ಲಾಸ್ಕ್ ಹೋಯಿತು. ಪ್ರೋಟೀನು ಅಳೆಯೋಕೆ ಅಂತ ಆಸಿಡ್ಡಿನಲ್ಲಿ ಕಡಲೆಕಾಯಿ ಹಿಂಡಿ ಕುದಿಸುತ್ತಿದ್ದಾಗಲೇ ಠಪ್. ಪೇಟೆ ಗಾಜು ಸ್ಟವ್ವಿನ ಉರಿ ತಡೆಯೋದಿಲ್ಲ ಅಂತ ಗೊತ್ತಿದ್ದೂ ಇಟ್ಟೆ — ನನ್ನ ದಡ್ಡತನ. ಸೆರಗಿಗೆ ಮೂರು ತೂತು. ಅವ್ವ ಗಾಬರಿಬಿದ್ದು ಓಡಿ ಬಂದಳು. ಉರಿ ತಡೆಯೋ ಪೈರೆಕ್ಸ್ ಉಳಿದಿರೋದು ಒಂದೇ. ಕುದಿಸೋಕೆ ಇನ್ನು ಅದೇ. ಪೇಟೆ ಗಾಜೆಲ್ಲ ತಣ್ಣನೆ ಕೆಲಸಕ್ಕೆ.

ಕಂಚುಗಾರ ಬೈರಪ್ಪ ತಾಮ್ರದ ಕೊಳವೆ ತಂದಿದ್ದ. ಬೇಡ ಅಂದೆ. ಕುದಿಸಿದ ಹಿಂಡಿಯಿಂದ ಬರೋ ಅಮೋನಿಯ ತಾಮ್ರ ತಿನ್ನುತ್ತೆ. ತವರದ್ದು ಬೇಕು. ನಕ್ಕ — ಬಿ.ಎಸ್ಸಿ. ಓದಿದ ಜಗದಾಂಬಮ್ಮನಿಗೆ ತಾಮ್ರ ಸಾಲದಂತೆ. ನಗಲಿ, ಮಾಡಿಕೊಟ್ಟರೆ ಸಾಕು.

೧೪ ಮಾರ್ಚ್

ತಾವರೆಕೆರೆ ಬರದ ಗಂಜಿ ಕೇಂದ್ರಕ್ಕೆ ಹೋಗಿದ್ದೆ. ಗಂಜಿಯಲ್ಲಿ ನೀರೇ ಜಾಸ್ತಿ. ಓಬಳಯ್ಯನ ಮಗಳು, ಆರು ವರ್ಷ... ಕಾಲು ಊದಿದೆ. ಬೆರಳಿಟ್ಟರೆ ಗುಳಿ ಬೀಳುತ್ತೆ. ಪ್ರೋಟೀನು ಸಾಲದ ಊತ.

ಸೋದರಮಾವ ಶಂಕರಲಿಂಗಪ್ಪ ತಮ್ಮ ಮಿಲ್ಲಿನ ಕಡಲೆಕಾಯಿ ಹಿಂಡಿ ಹಿಟ್ಟನ್ನ ಗಂಜಿಗೆ ಬೆರೆಸೋಕೆ ಕೊಡಲು ತಯಾರು. ಅಮಲ್ದಾರರದು ಒಂದೇ ಮಾತು: ಪ್ರೋಟೀನು ನೂರಕ್ಕೆ ನಲವತ್ತೈದು ಇರಬೇಕು, ಇಲ್ಲದಿದ್ದರೆ ದನದ ಮೇವು ಮಕ್ಕಳಿಗೆ ಹಾಕೋಕೆ ಸಹಿ ಇಲ್ಲ. ಅಳೆಯೋಳು ನಾನು.

೨೬ ಮಾರ್ಚ್, ಸಂಜೆ

ನಲವತ್ತಾರು! ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. ವರದಿ ಬರೆದುಕೊಟ್ಟೆ, ಮಾವ ಆಗಲೇ ಕಚೇರಿಗೆ ಒಯ್ದರು. ಅವ್ವ ಪಾಯಸ ಮಾಡಿದಳು.

ಬ್ಲ್ಯಾಂಕ್ ಒಂದು ಬಾಕಿ — ಹಿಂಡಿ ಹಾಕದೆ ಖಾಲಿ ನಡೆಸಿ ನೋಡೋದು. ನಾಳೆ.

೨೭ ಮಾರ್ಚ್, ಹತ್ತು ಗಂಟೆ

ಹಿಂಡಿಯೇ ಇಲ್ಲ, ಮೂರೂವರೆ ಪ್ರೋಟೀನು ತೋರಿಸುತ್ತೆ. ಎಲ್ಲಿಂದ?

ಮಧ್ಯಾಹ್ನ

ಸಿಕ್ಕಿತು. ಅಮೋನಿಯ ಬಂದು ಸೇರೋ ಫ್ಲಾಸ್ಕಿನ ಬಾಯಿ ಸುತ್ತ ಬಿಳಿ ಮಾಸಲು. ಬಾವಿ ನೀರಿನ ಸುಣ್ಣ ಅಂದುಕೊಂಡಿದ್ದೆ. ವಿಭೂತಿ. ಅವತ್ತು ಗಾಜು ಒಡೆದಾಗಿಂದ ಅವ್ವ ಲಿಂಗಪೂಜೆ ಮುಗಿಸಿ ದಿನಾ ಹಚ್ಚುತ್ತಿದ್ದಾಳೆ.

"ಸಿಡಿದು ನಿನ್ನ ಮುಖಕ್ಕೆ ಬಡೀದೆ ಇರ್ಲಿ ಅಂತ ಕಣಮ್ಮ," ಅಂದಳು.

ಆ ಫ್ಲಾಸ್ಕಿನಲ್ಲಿ ಅಳೆದ ಆಸಿಡ್ ಇರುತ್ತೆ. ಅಮೋನಿಯ ಅದನ್ನ ಎಷ್ಟು ಸಾಯಿಸುತ್ತೋ ಅಷ್ಟು ಪ್ರೋಟೀನು. ಉದುರಿದ ಬೂದಿಯೂ ಸಾಯಿಸಿದೆ. ಅದನ್ನೂ ಹಿಂಡಿಯದೇ ಅಂತ ಎಣಿಸಿದೆ. ಕೋಪ ಬಂತು, ಅವ್ವನ ಮೇಲಲ್ಲ, ಬ್ಲ್ಯಾಂಕ್ ಮೊದಲು ಮಾಡದ ನನ್ನ ಮೇಲೆ. ನಿಜವಾದದ್ದು ನಲವತ್ತೆರಡೂವರೆ.

ಸಂಜೆ

ಎರಡೂವರೆ ಕಮ್ಮಿಯಾದರೆ ಯಾರು ನೋಡ್ತಾರೆ, ಹೋಗೋದು ಮಕ್ಕಳ ಹೊಟ್ಟೆಗೆ ತಾನೆ ಅಂದರು ಮಾವ. ಆ ಮಾತು ಕುಟುಕಿತು. ಅರ್ಧ ನಿಜ ಅದು.

"ಇವತ್ತು ಬೂದಿಗೆ ಪ್ರೋಟೀನು ಅಂದರೆ ನಾಳೆ ಸಿಪ್ಪೆಗೂ ಅನ್ನಬೇಕಾಗುತ್ತೆ ಮಾವ," ಅಂದೆ.

ಕಚೇರಿಗೆ ನಾನೇ ಹೋಗಿ ವರದಿ ವಾಪಸು ತಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಮಲ್ದಾರರು ಒಂದು ವಾರ ಕೊಟ್ಟರು. ಆಮೇಲೆ ಕಡತ ಮುಚ್ಚುತ್ತೆ.

ಹಿಂಡಿಯಲ್ಲಿ ಸಿಪ್ಪೆ ಚೂರು ಬಹಳ. ಪ್ರೋಟೀನು ಇಳಿಸೋದು ಅದೇ, ಕಾಯಿ ಮಿಲ್ಲಿಗೆ ಹೋಗೋ ಮೊದಲೇ ತೆಗೆಸಬೇಕು.

೧ ಏಪ್ರಿಲ್

ಹುಲಿಕುಂಟೆ ಹೆಂಗಸರು ನಾಲ್ಕು ದಿನ ಕೂತು ಕೈಯಲ್ಲೇ ಕಾಯಿ ಸುಲಿದು ಕೇರಿಕೊಟ್ಟರು. ಚಿಕ್ಕಕ್ಕ ಅನ್ನೋಳು ಬೈಯುತ್ತಲೇ ಸುಲಿದಳು — ಸಿಪ್ಪೆ ತಿನ್ನೋಕೆ ಮಕ್ಳೇನು ದನವಾ ಅಂತ. ಮಾವ ಮುಖ ಊದಿಸಿಕೊಂಡೇ ಮಿಲ್ಲಿಗೆ ಹಾಕಿಸಿಕೊಟ್ಟರು.

೩ ಏಪ್ರಿಲ್

ಕಡೇ ದಿನ. ಬ್ಲ್ಯಾಂಕ್ ಮೊದಲು. ಸೊನ್ನೆ.

ಅವ್ವ ಬೆರಳಿಗೆ ವಿಭೂತಿ ಮೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ. ನಾನೇ ಎದ್ದು ಹೋಗಿ ಹಣೆ ಒಡ್ಡಿದೆ. ಅವಳ ಕಣ್ಣು ತುಂಬಿತು. ನಂದೂ.

ಮೊದಲನೇದು ನಲವತ್ತಾರು. ಅದೇ ನಲವತ್ತಾರು, ಈ ಸಲ ಹಿಂಡಿಯದು. ಎರಡನೇದಕ್ಕೂ ಒಂದಿಷ್ಟೇ ವ್ಯತ್ಯಾಸ. ಮೂರನೇದಕ್ಕೆ, ಅಮೋನಿಯ ಸಾಯಿಸದೆ ಬಿಟ್ಟ ಆಸಿಡ್ ಸಾಯಿಸೋಕೆ, ಗೆರೆ ಹಾಕಿದ ಬ್ಯುರೆಟ್ಟಿಂದ ಕ್ಷಾರ ಇಳಿಯುತ್ತಿದೆ; ಅದು ಕಮ್ಮಿ ಹಿಡಿದಷ್ಟೂ ಪ್ರೋಟೀನು ಜಾಸ್ತಿ. ಇಪ್ಪತ್ತನಾಲ್ಕರ ಗೆರೆ ಮುಟ್ಟೋ ಮೊದಲೇ ಕೆಂಪು ಹೋಗಿ ಹಳದಿ ಬಂದರೆ ಸಹಿ ಆದ ಹಾಗೆ. ಓಬಳಯ್ಯ ಮಗಳನ್ನ ಹೊತ್ತುಕೊಂಡು ಬಂದು ಜಗಲಿ ಮೇಲೆ ಕೂತಿದ್ದಾನೆ. ಏನಾಯ್ತವ್ವ ಅಂತ ಎರಡು ಸಲ ಕೇಳಿದ. ಇಪ್ಪತ್ಮೂರು... ಕೆಂಪು. ಇಪ್ಪತ್ಮೂರೂವರೆ, ಇನ್ನೂ ಕೆಂಪು. ಒಂದು ಹನಿ. ಇನ್ನೊಂದು. ಹಳ—